ಅಜ್ಜಿ ಮನೆ ಸಾಮಾನು ಮೂರು ಥರ ಸ್ಕ್ಯಾನ್ ಮಾಡಿ ನೋಡ್ದೆ: ಬರೀ ಫೋಟೋ, ಫೋನ್ ಲೈಡಾರ್, ಕೈಲಿ ಹಿಡಿಯೋ ಸ್ಕ್ಯಾನರ್

ಪೂರ್ತಿ ಓದೋಕೆ ಪುರುಸೊತ್ತಿಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಮೂರರಲ್ಲಿ ಗೆದ್ದಿದ್ದು ಬರೀ ಫೋಟೋ. ಅದೂ ಹಳೇ ಮಿರರ್‌ಲೆಸ್ ಕ್ಯಾಮೆರಾದಲ್ಲಿ, ಫ್ರೀ ಸಾಫ್ಟ್‌ವೇರಲ್ಲಿ. ಆದ್ರೆ ಎಲ್ಲಾ ಸಾಮಾನಿಗೂ ಗೆಲ್ಲಲಿಲ್ಲ, ಒಂದು ಕಡೆ ಮಕಾಡೆ ಮಲಗ್ತು, ಅದನ್ನ ಕೆಳಗೆ ಹೇಳ್ತೀನಿ.

ವಿಷ್ಯ ಏನಂದ್ರೆ ಅರಸೀಕೆರೆ ಹತ್ರ ನಮ್ಮಜ್ಜಿ ಮನೆ ಕೆಡವ್ತಿದಾರೆ. ಸಾಮಾನು ಹಂಚ್ಕೊಳೋವಾಗ ಹಿತ್ತಾಳೆ ಬಾಲಕೃಷ್ಣ ಒಂದೇ, ಕೇಳೋರು ಮೂರು ಜನ. ದೊಡ್ಡಪ್ಪನ ಮನೆಗೆ ಹೋಗುತ್ತೆ ಅಂತ ಆಯ್ತು, ಚಿಕ್ಕಪ್ಪಂಗೆ ಬೇಜಾರು. ಆಗ ನಾನು ದೊಡ್ಡ ಇಂಜಿನಿಯರ್ ಥರ ಬಾಯಿ ಬಿಟ್ಟು "ಸ್ಕ್ಯಾನ್ ಮಾಡಿ ಇನ್ನೆರಡು ಮಾಡ್ಸಿ ಕೊಡ್ತೀನಿ ಬಿಡಿ" ಅಂದೆ. ಸ್ಕ್ಯಾನ್ ಅಂದ್ರೆ ಇಲ್ಲಿ ವಸ್ತುವಿನ ಆಕಾರನ ಕಂಪ್ಯೂಟರಲ್ಲಿ ತ್ರೀಡಿ ಮಾಡೆಲ್ ಮಾಡ್ಕೊಳೋದು, ಆಮೇಲೆ ಅದನ್ನ ತ್ರೀಡಿ ಪ್ರಿಂಟ್ ಹಾಕಿಸ್ಬೋದು. ಅಂದಿದ್ದಾಯ್ತಲ್ಲ, ಇನ್ನು ಮಾಡ್ಲೇಬೇಕು. ಜೊತೆಗೆ ಅಜ್ಜಿಯ ಹಲಸಿನ ಮರದ ಚನ್ನೆಮಣೆ, ಅತ್ತೆ ಮಗಳ ಚನ್ನಪಟ್ಟಣದ ಬುಗುರಿ, ಕೆರೆ ಏರಿ ಪಕ್ಕದ ವೀರಗಲ್ಲು, ಇಷ್ಟು ಸೇರಿಸ್ಕೊಂಡೆ. ಕ್ಯಾಮೆರಾ ನಂದು, ಲೈಡಾರ್ ಇರೋ ಐಫೋನ್ ಭಾಮೈದಂದು, ಸ್ಕ್ಯಾನರ್ ಒಬ್ಬ ಫ್ರೆಂಡ್ ಎರಡು ದಿನಕ್ಕೆ ಕೊಟ್ಟಿದ್ದು.

ಫೋನ್ ಲೈಡಾರ್ ಕಥೆ ಬೇಗ ಮುಗ್ಸ್‌ಬಿಡ್ತೀನಿ. 2020ರ ಐಫೋನ್ 12 ಪ್ರೋದಿಂದ ಪ್ರೋ ಮಾಡೆಲ್‌ಗಳಲ್ಲಿ ಹಿಂದೆ ಒಂದು ಕಪ್ಪು ಚುಕ್ಕೆ ಇರುತ್ತಲ್ಲ, ಅದು ಕಣ್ಣಿಗೆ ಕಾಣದ ಬೆಳಕು ಬಿಟ್ಟು ಅದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆದು ದೂರ ಹೇಳುತ್ತೆ, ಸುಮಾರು 5 ಮೀಟರ್ ತನಕ. ಸ್ಕ್ಯಾನಿವರ್ಸ್, ಪಾಲಿಕ್ಯಾಮ್ ಥರದ ಆ್ಯಪ್ ಹಾಕಿ ಬಾಲಕೃಷ್ಣನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ರೆ ಎರಡು ನಿಮಿಷಕ್ಕೆ ಮಾಡೆಲ್ ರೆಡಿ, ಮನೆಯವರೆಲ್ಲಾ ಆಹಾ ಅಂದ್ರು. ನಾನು ಕಲರ್ ಆಫ್ ಮಾಡ್ದೆ. ಕೃಷ್ಣ ಹೋಗಿ ಬೇಯಿಸಿದ ಆಲೂಗಡ್ಡೆ ಆಗಿದ್ದ. ಮೂಗಿಲ್ಲ, ಕೈಲಿದ್ದ ಬೆಣ್ಣೆ ಉಂಡೆ ಗಲ್ಲಕ್ಕೆ ಅಂಟ್ಕೊಂಡಿದೆ. ಯಾಕಂದ್ರೆ ಆ ಸೆನ್ಸರ್ ಆ್ಯಪಿಗೆ ಕೊಡೋ ಆಳದ ಚಿತ್ರ 256 ಗುಣಿಸು 192 ಚುಕ್ಕೆ ಅಷ್ಟೇ, ಒಂದು ಮೀಟರ್ ದೂರದಿಂದ ಲೆಕ್ಕ ಹಾಕಿದ್ರೆ ಒಂದೊಂದು ಚುಕ್ಕೆಗೆ ಹತ್ತಿರತ್ರ ಅರ್ಧ ಸೆಂಟಿಮೀಟರ್, ಗೇಣುದ್ದ ವಿಗ್ರಹಕ್ಕೆ ಅದು ಎಲ್ಲಿ ಸಾಕಾಗುತ್ತೆ. ಮೇಲೆ ಫೋಟೋ ಅಂಟಿಸಿರೋದ್ರಿಂದ ಚೆನ್ನಾಗಿ ಕಂಡಿತ್ತು ಅಷ್ಟೇ. ಸ್ಕ್ಯಾನ್ ಯಾರೇ ತೋರ್ಸಿದ್ರೂ ಮೊದ್ಲು ಕಲರ್ ಆಫ್ ಮಾಡಿ ತೋರ್ಸಿ ಅನ್ನಿ, ಬಣ್ಣ ಬಯಲಾಗುತ್ತೆ.

ಆದ್ರೆ ಅದೇ ಫೋನಲ್ಲಿ ಇಡೀ ಹಜಾರ, ಕಂಬ, ತೊಟ್ಟಿ, ಅಟ್ಟದ ಏಣಿ ಎಲ್ಲಾ ಹದಿನೈದು ನಿಮಿಷದಲ್ಲಿ ಸ್ಕ್ಯಾನ್ ಮಾಡ್ದೆ, ಟೇಪ್ ಹಿಡಿದು ಅಳೆದ್ರೆ ಹಜಾರದ ಉದ್ದಕ್ಕೆ ಮೂರ್ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಕೆಡವೋ ಮನೆಗೆ ಇದಕ್ಕಿಂತ ಏನು ಬೇಕು. ಲೈಡಾರ್ ಇರೋದು ಮನೆಗೆ, ಮನೆ ಒಳಗಿನ ಸಾಮಾನಿಗಲ್ಲ, ಅಷ್ಟು ತಿಳ್ಕೊಂಡ್ರೆ ಜಗಳ ಇಲ್ಲ. (ಅದೇ ಫೋನಿನ ಮುಂದಿನ ಫೇಸ್ ಐಡಿ ಕ್ಯಾಮೆರಾ 30,000ಕ್ಕಿಂತ ಹೆಚ್ಚು ಚುಕ್ಕೆ ಎಸೆಯುತ್ತೆ, ಹತ್ತಿರದ ಸಣ್ಣ ವಸ್ತುಗೆ ಅದೇ ವಾಸಿ, ಆದ್ರೆ ಸ್ಕ್ರೀನ್ ವಸ್ತು ಕಡೆಗಿರುತ್ತೆ, ನಮ್ಗೆ ಏನೂ ಕಾಣಲ್ಲ, ಕನ್ನಡಿ ಇಟ್ಕೊಂಡು ಸರ್ಕಸ್ ಮಾಡಿ ಬಿಟ್ಟೆ.)

ಈಗ ಫೋಟೋ. ಇದಕ್ಕೆ ಫೋಟೋಗ್ರಾಮೆಟ್ರಿ ಅಂತ ದೊಡ್ಡ ಹೆಸರು, ಮಾಡೋದು ಮಾತ್ರ ಸಿಂಪಲ್, ವಸ್ತುವಿನ ಸುತ್ತ ನೂರಾರು ಫೋಟೋ ತೆಗೀರಿ, ಒಂದರ ಮುಕ್ಕಾಲು ಭಾಗ ಇನ್ನೊಂದರಲ್ಲೂ ಇರ್ಬೇಕು, ಸಾಫ್ಟ್‌ವೇರು ಈ ಫೋಟೋದಲ್ಲಿರೋ ಚುಕ್ಕೆ ಆ ಫೋಟೋದಲ್ಲಿ ಎಲ್ಲಿದೆ ಅಂತ ಹುಡುಕಿ ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು ಅಂತ ಲೆಕ್ಕ ಹಾಕಿ ಆಕಾರ ಕಟ್ಟುತ್ತೆ. ಮೆಶ್‌ರೂಮ್ ಅನ್ನೋ ಸಾಫ್ಟ್‌ವೇರ್ ಫ್ರೀ, ಆದ್ರೆ ಕಂಪ್ಯೂಟರಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇಲ್ದೆ ಪೂರ್ತಿ ಕೆಲ್ಸ ಮಾಡಲ್ಲ. ರಿಯಾಲಿಟಿ ಕ್ಯಾಪ್ಚರ್ ಅಂತಿತ್ತಲ್ಲ, ಈಗ ರಿಯಾಲಿಟಿ ಸ್ಕ್ಯಾನ್ ಅಂತಾರೆ, ಅದನ್ನ 2024ರಿಂದ ನಮ್ಮಂಥ ಸಣ್ಣ ಜನಕ್ಕೆ ಎಪಿಕ್ ಕಂಪ್ನಿಯೋರು ಫ್ರೀ ಮಾಡಿದಾರೆ, ಸ್ಪೀಡಲ್ಲಿ ಅದೇ ಮುಂದೆ.

ನನ್ನ ಮೊದಲ ದಡ್ಡತನ ಕೇಳಿ. ಕೃಷ್ಣನ್ನ ಕುಂಬಾರನ ಚಕ್ರದ ಥರ ತಿರುಗೋ ಕೇಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಕ್ಯಾಮೆರಾ ಟ್ರೈಪಾಡಲ್ಲಿ ನಿಲ್ಸಿ, ಹತ್ತತ್ತು ಡಿಗ್ರಿ ತಿರುಗ್ಸಿ ಕ್ಲಿಕ್ ಮಾಡ್ತಾ ಹೋದೆ, ಆರಾಮಾಗಿತ್ತು, ಕಾಫಿ ಕುಡ್ಕೊಂಡೇ ಮುಗ್ಸ್‌ದೆ. ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ಫ್ಯಾನ್ ಕಿರುಚಿ ಬೆಳಿಗ್ಗೆ ನೋಡಿದ್ರೆ ಹಿಂದಿದ್ದ ಪುಸ್ತಕದ ಕಪಾಟು ಅಚ್ಚುಕಟ್ಟಾಗಿ ಬಂದಿದೆ, ಕೃಷ್ಣ ಇಲ್ವೇ ಇಲ್ಲ! ಕಪಾಟು ಅಲ್ಲಾಡ್ತಿಲ್ಲ ಅಂದ್ರೆ ಕ್ಯಾಮೆರಾನೂ ಅಲ್ಲಾಡ್ತಿಲ್ಲ ಅಂತ ಅದು ತೀರ್ಮಾನ ಮಾಡಿದೆ, ನಡುವೆ ತಿರುಗ್ತಿದ್ದ ದೇವ್ರನ್ನ ಗಲಾಟೆ ಅಂತ ಎತ್ತಿ ಎಸೆದಿದೆ. ವಸ್ತು ತಿರುಗ್ಸೋದಾದ್ರೆ ಹಿಂದೆ ಬಿಳಿ ಪಂಚೆಯೋ ಕರಿ ಬಟ್ಟೆಯೋ ಏನೂ ಗುರುತಿಲ್ದೆ ಇರ್ಬೇಕು, ಇಲ್ಲಾಂದ್ರೆ ನಾವೇ ಸುತ್ತಬೇಕು.

ಎರಡನೇದು ಹೊಳಪು. ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದಾರೆ, ಹೊಳೆಯೋ ಜಾಗ ಕ್ಯಾಮೆರಾ ಜರುಗಿದಂಗೆ ಜರುಗುತ್ತೆ, ಸಾಫ್ಟ್‌ವೇರ್ ಅದನ್ನೇ ಗುರುತು ಅಂದ್ಕೊಂಡು ದಾರಿ ತಪ್ಪುತ್ತೆ. ಇದಕ್ಕೆ ಅಂತ್ಲೇ ಸ್ವಲ್ಪ ಹೊತ್ತಿಗೆ ತಾನೇ ಆವಿಯಾಗೋ ಸ್ಪ್ರೇ ಸಿಗುತ್ತೆ, ದುಬಾರಿ. ನಾನು ಟಾಲ್ಕಂ ಪೌಡರ್ ತಂದೆ, ಅಜ್ಜಿ ದೇವ್ರಿಗೆ ಪೌಡರ್ ಹಾಕ್ತೀಯಾ ಅಂತ ಕೈ ಹಿಡ್ಕೊಂಡ್ರು. "ಹಾಗಾದ್ರೆ ವಿಭೂತಿ?" ಅಂದೆ. ಒಂದು ಕ್ಷಣ ಯೋಚ್ನೆ ಮಾಡಿ "ಕೃಷ್ಣಂಗೆ ವಿಭೂತಿನಾ... ಆಗ್ಲಿ, ಆಮೇಲೆ ತೊಳ್ದಿಡು" ಅಂದ್ರು. ವಿಭೂತಿ ಗಟ್ಟಿ ಪುಡಿ ಮಾಡಿ ತೆಳು ಬಟ್ಟೇಲಿ ಜಾಡಿಸಿ, ಹಳೇ ಮೇಕಪ್ ಬ್ರಷಲ್ಲಿ ಸವರಿದೆ. ಎಷ್ಟು ಚೆನ್ನಾಗಿ ಕೂತ್ಕೊಳ್ತು ಅಂದ್ರೆ ಹೊಳಪು ಪೂರ್ತಿ ಸತ್ತು ಗೆಜ್ಜೆಯ ಒಂದೊಂದು ಮಣಿಯೂ ಎದ್ದು ಕಾಣ್ತಿತ್ತು, ಜೊತೆಗೆ ಸಣ್ಣ ಸಣ್ಣ ಕಣ ಉದುರಿದ್ದೇ ಸಾಫ್ಟ್‌ವೇರ್‌ಗೆ ಗುರುತು ಆಯ್ತು. 164 ಫೋಟೋ, ಮೂರು ಎತ್ತರದಲ್ಲಿ ಮೂರು ಸುತ್ತು, ಐಎಸ್‌ಓ 100, ಟ್ರೈಪಾಡ್, ಕಿಟಕಿ ಬೆಳಕು. ನಾಲ್ಕು ಗಂಟೆ ಲೆಕ್ಕಾಚಾರ ಮಾಡಿ ಕೊಡ್ತು ನೋಡಿ, ಕಲರ್ ಆಫ್ ಮಾಡಿದ್ರೂ ಕಣ್ಣಿನ ರೆಪ್ಪೆ ಗೆರೆ ಇದೆ. ಬಣ್ಣ ಮಾತ್ರ ಬೂದಿ ಬಣ್ಣನೇ, ಅದು ಬೇಕಿರ್ಲಿಲ್ಲ.

ಸ್ಕ್ಯಾನರ್ ಇದೇ ವಿಭೂತಿ ಕೃಷ್ಣನ್ನ ಇಪ್ಪತ್ತು ನಿಮಿಷದಲ್ಲಿ ಮುಗ್ಸ್‌ತು. ಅದು ಒಂದು ಇನ್‌ಫ್ರಾರೆಡ್ ಚುಕ್ಕೆ ಚಿತ್ತಾರ ವಸ್ತು ಮೇಲೆ ಎಸೆದು, ಆ ಚಿತ್ತಾರ ಎಲ್ಲೆಲ್ಲಿ ಸೊಟ್ಟಗಾಯ್ತು ಅಂತ ಎರಡು ಕ್ಯಾಮೆರಾದಲ್ಲಿ ನೋಡಿ ಆಕಾರ ಹೇಳುತ್ತೆ, ಲ್ಯಾಪ್‌ಟಾಪಲ್ಲಿ ಕಣ್ಣೆದುರೇ ಮಾಡೆಲ್ ಬೆಳೀತಾ ಹೋಗುತ್ತೆ, ಎಲ್ಲಿ ಬಿಟ್ಟೋಗಿದೆ ಅಂತ ಆಗ್ಲೇ ಗೊತ್ತಾಗುತ್ತೆ. ಇದು ದೊಡ್ಡ ಸುಖ, ಫೋಟೋದಲ್ಲಿ ಬಿಟ್ಟೋಗಿದ್ದು ಗೊತ್ತಾಗೋದು ಬೆಂಗ್ಳೂರಿಗೆ ವಾಪಸ್ ಬಂದ್ಮೇಲೆ. ಪೀಠದ ಅಗಲ ವರ್ನಿಯರ್ ಕ್ಯಾಲಿಪರಲ್ಲಿ 61.4 ಮಿಲಿಮೀಟರ್, ಸ್ಕ್ಯಾನರಲ್ಲಿ 61.3, ಫೋಟೋದಲ್ಲಿ 61.6, ಲೈಡಾರಲ್ಲಿ 66 ಚಿಲ್ರೆ. ಅಳತೆಗೆ ಸ್ಕ್ಯಾನರೇ. ಆದ್ರೆ ಮುಖದ ಸೂಕ್ಷ್ಮ ಫೋಟೋದಷ್ಟು ಬರ್ಲಿಲ್ಲ, ಕಣ್ಣುರೆಪ್ಪೆ ಇಸ್ತ್ರಿ ಮಾಡಿದಂಗೆ ನುಣ್ಣಗಾಗಿತ್ತು. ಇನ್ನೂ ಮೇಲಿನ ರೇಟಿನ ನೀಲಿ ಬೆಳಕಿನ ಸ್ಕ್ಯಾನರಲ್ಲಿ ಬರುತ್ತೆ, ಒಪ್ತೀನಿ, ನನ್ನ ಕೈಗೆ ಸಿಕ್ಕಿದ್ದು ಇದು.

ಬುಗುರಿ ವಿಷ್ಯಕ್ಕೆ ಬರೋಣ, ಫೋಟೋ ಮಕಾಡೆ ಮಲಗಿದ್ದು ಇಲ್ಲೇ. ಚನ್ನಪಟ್ಟಣದ ಸಾಮಾನು ಚರಕಿ ಮೇಲೆ ತಿರುಗ್ಸಿ ಮಾಡೋದು, ಅರಗು ಬಣ್ಣ ಹಚ್ಚಿ ತಾಳೆಗರಿ ಒತ್ತಿ ಮಿರಮಿರ ಅನ್ನಿಸ್ತಾರೆ. ಅಂದ್ರೆ ಹೊಳಪು, ಒಂದೇ ಬಣ್ಣ, ಯಾವ ಕಡೆಯಿಂದ ನೋಡಿದ್ರೂ ಒಂದೇ ಆಕಾರ. ಸ್ಕ್ಯಾನ್ ಮಾಡೋನ ಪೂರ್ವಜನ್ಮದ ಪಾಪವೆಲ್ಲಾ ಒಂದೇ ಬುಗುರೀಲಿ ಸೇರಿದಂಗೆ. ಮಗು ಆಟದ ಸಾಮಾನು, ಪೌಡರ್ ಮೆತ್ತೋಕೆ ಅತ್ತೆ ಬಿಡ್ಲಿಲ್ಲ, ಫೋಟೋದಲ್ಲಿ ಕೆಂಪು ಮುದ್ದೆ ಬಂತು. ಸ್ಕ್ಯಾನರ್‌ಗೂ ಮೊದ್ಲು ತಲೆ ಕೆಟ್ಟು, ಬುಗುರಿ ತಿರುಗ್ತಿದೆ ಅಂತ್ಲೇ ಅದಕ್ಕೆ ಗೊತ್ತಾಗ್ಲಿಲ್ಲ, ಎಲ್ಲಾ ಕಡೆನೂ ಒಂದೇ ಥರ ಇದ್ರೆ ಪಾಪ ಅದಕ್ಕೆ ಹೇಗೆ ಗೊತ್ತಾಗ್ಬೇಕು, ಒಂದೇ ಪಕ್ಕ ಪದರದ ಮೇಲೆ ಪದರ ಪೇರಿಸ್ತಾ ಕೂತಿತ್ತು. ಕೊನೆಗೆ ಅಡುಗೆಮನೆಯಿಂದ ಬೆಲ್ಲದ ಚೂರು, ಎರಡು ಅಡಿಕೆ, ಮುದುರಿದ ನ್ಯೂಸ್‌ಪೇಪರ್ ಉಂಡೆ ತಂದು ಸ್ಟ್ಯಾಂಡ್ ಮೇಲೆ ಬುಗುರಿ ಸುತ್ತ ಅಡ್ಡಾದಿಡ್ಡಿ ಇಟ್ಟೆ. ಅವನ್ನ ನೋಡ್ಕೊಂಡು ಸ್ಕ್ಯಾನರ್ ದಾರಿ ಹಿಡೀತು, ಆಮೇಲೆ ಅಡಿಕೆ ಬೆಲ್ಲ ಎಲ್ಲಾ ಮೌಸಲ್ಲಿ ಸೆಲೆಕ್ಟ್ ಮಾಡಿ ಡಿಲೀಟ್. ಈ ಉಪಾಯ ಮ್ಯಾನುಯಲ್ಲಲ್ಲಿ ನಂಗೆ ಕಾಣ್ಲಿಲ್ಲ, ಅಲ್ಲಿ ಸ್ಟಿಕ್ಕರ್ ಅಂಟ್ಸಿ ಅಂತಷ್ಟೇ ಇತ್ತು.

ಚನ್ನೆಮಣೆಗೆ ಹದಿನಾಲ್ಕು ಗುಳಿ, ಒಳಗೆ ನೂರಾರು ಸಲ ಹುಣಸೆಬೀಜ ಹಾಕಿ ತೆಗೆದು ಕಪ್ಪಗೆ ನುಣ್ಣಗೆ ಆಗಿದೆ. ಸ್ಕ್ಯಾನರಿನ ಎರಡೂ ಕ್ಯಾಮೆರಾಗೆ ಒಂದೇ ಹೊತ್ತಿಗೆ ಗುಳಿಯ ತಳ ಕಾಣ್ಬೇಕು, ಗೋಡೆ ಅಡ್ಡ ಬರುತ್ತೆ, ಕಪ್ಪು ಬೇರೆ ಬೆಳಕು ನುಂಗ್ಬಿಡುತ್ತೆ, ಪ್ರತಿ ಗುಳಿಗೂ ಮೇಲೆ ಕೆಳಗೆ ಓರೆ ಹಿಡಿದು ಕೈ ಸೋತೋಯ್ತು. ಫೋಟೋ ಇಲ್ಲಿ ಸಲೀಸು, ಮರದ ಗೆರೆಯೇ ಗುರುತು.

ವೀರಗಲ್ಲು ಕೊನೆಗೆ ಇಟ್ಕೊಂಡಿದ್ದೆ, ನಂಗೆ ಇಷ್ಟವಾದ್ದೂ ಅದೇ. ನಾಲ್ಕಡಿ ಕಲ್ಲು, ಕೆಳಗಿನ ಪಟ್ಟಿಕೇಲಿ ಕಾದಾಟ, ನಡುವೆ ವೀರನ್ನ ಅಪ್ಸರೆಯರು ಎತ್ಕೊಂಡು ಹೋಗೋದು, ಮೇಲೆ ಲಿಂಗ, ಪಟ್ಟಿಕೆಗಳ ನಡುವೆ ಎರಡು ಸಾಲು ಸವೆದ ಅಕ್ಷರ. ಊರೋರು ವಾರಕ್ಕೊಂದ್ಸಲ ಎಣ್ಣೆ ಬಿಟ್ಟು ಕುಂಕುಮ ಇಡ್ತಾರೆ, ಚಪ್ಪಲಿ ಬಿಟ್ಟೇ ಹತ್ರ ಹೋಗ್ಬೇಕು, ಪುಡಿಗಿಡಿ ಹಾಕೋ ಮಾತೇ ಇಲ್ಲ, ಹಾಕ್ಲೂಬಾರ್ದು. ಅಕ್ಷರ ಕಾಣ್ಲಿ ಅಂತ ಸೀಮೆಸುಣ್ಣ ತೀಡೋರಿದಾರೆ, ದಯವಿಟ್ಟು ಬೇಡ, ಅವರು ಓದಿದ್ದೇ ಅಕ್ಷರ ಆಗ್ಬಿಡುತ್ತೆ. ಸ್ಕ್ಯಾನರ್ ಹಗಲಲ್ಲಿ ಪೂರಾ ಕುರುಡು, ಬಿಸಿಲಲ್ಲೇ ಇನ್‌ಫ್ರಾರೆಡ್ ತುಂಬಿರೋವಾಗ ಇದರ ಚುಕ್ಕೆ ಯಾರಿಗೆ ಕಾಣುತ್ತೆ. ಸಂಜೆ ಆರೂವರೆ ಮೇಲೆ ಹೋದೆ, ಕೆರೆ ಸೊಳ್ಳೆ ಒಂದು ಕಡೆ, ಲ್ಯಾಪ್‌ಟಾಪ್ ಬ್ಯಾಟರಿ ಇನ್ನೊಂದು ಕಡೆ, ಎತ್ತು ಏರಿಗೆ ಕೋಣ ನೀರಿಗೆ. ಮುಕ್ಕಾಲು ಭಾಗ ಮುಗಿಯೋಷ್ಟರಲ್ಲಿ ಚಾರ್ಜ್ ಖಾಲಿ.

ಫೋಟೋಗೆ ಕಾದೆ. ಆಷಾಢದಲ್ಲಿ ಒಂದು ದಿನ ಮೋಡ ಮುಚ್ಚಿ ನೆರಳೇ ಇಲ್ದಂಗೆ ಸಿಕ್ತು, 230 ಫೋಟೋ, ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್. ಮನೆಗೆ ಬಂದು ಮಾಡೆಲ್ ಕಟ್ಟಿ, ಕಲರ್ ಆಫ್ ಮಾಡಿ, ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರಲ್ಲಿ ಒಂದು ಲೈಟ್ ಇಟ್ಟು ಅದನ್ನ ಕಲ್ಲಿನ ಪಕ್ಕದಿಂದ ಓರೆಯಾಗಿ ನಿಧಾನಕ್ಕೆ ಸುತ್ತ ತಿರುಗ್ಸ್‌ದೆ. ಕುಂಕುಮ ಇಲ್ಲ, ಎಣ್ಣೆ ಇಲ್ಲ, ಪಾಚಿ ಇಲ್ಲ, ಬರೀ ಉಬ್ಬು ತಗ್ಗು. ಎಡಗಡೆಯಿಂದ ಬೆಳಕು ಬಂದಾಗ ಖಾಲಿ ಅಂದ್ಕೊಂಡಿದ್ದ ಜಾಗದಲ್ಲಿ ಒಂದು "ತು" ಥರದ ಅಕ್ಷರದ ಕೊಂಬು ಎದ್ದು ನಿಲ್ತು. ರಾತ್ರಿ ಒಂದೂವರೆ ಗಂಟೆ, ಹೆಂಡ್ತಿನ ಎಬ್ಬಿಸಿ ತೋರ್ಸಿ ಬೈಸ್ಕೊಂಡೆ.

ಬೆಂಗ್ಳೂರಿನ ಮಿಥಿಕ್ ಸೊಸೈಟಿಯೋರು 2021ರಿಂದ ಸುತ್ತಮುತ್ತಲಿನ ಶಾಸನಗಳನ್ನ ಹಿಂಗೇ ತ್ರೀಡಿ ಸ್ಕ್ಯಾನ್ ಮಾಡಿಡ್ತಿದಾರೆ, ಯಾಕೆ ಅಂತ ಅವತ್ತು ಅರ್ಥ ಆಯ್ತು. ಬಿ.ಎಲ್. ರೈಸ್ ಸಾಹೇಬ್ರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳನ್ನ ಮಾಡೋ ಕಾಲಕ್ಕೆ ಒದ್ದೆ ಕಾಗದ ಒತ್ತಿ ಮಸಿ ಬಡಿದು ಅಚ್ಚು ತೆಗೀತಿದ್ರು, ಈಗಲೂ ತೆಗೀತಾರೆ, ಅಚ್ಚಲ್ಲಿ ಅಕ್ಷರ ಬರುತ್ತೆ, ಆಳ ಬರಲ್ಲ, ಬೇಕಾದಾಗ ಬೆಳಕು ತಿರುಗ್ಸೋಕೂ ಆಗಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದ್ರೆ, ವಾರಕ್ಕೆ ಹತ್ತು ಯಂತ್ರದ ಪಾರ್ಟು ಅಳೆಯೋ ವರ್ಕ್‌ಶಾಪ್ ಇದ್ರೆ ಸ್ಕ್ಯಾನರ್ ತಗೊಳ್ಳಿ, ಸಮಯ ಉಳಿಯುತ್ತೆ. ಮನೆ ಸಾಮಾನು, ದೇವ್ರು, ಕಲ್ಲು ಅಂದ್ರೆ ತಗೋಬೇಡಿ, ಆ ದುಡ್ಡಲ್ಲಿ ಒಳ್ಳೇ ಟ್ರೈಪಾಡು, ಎರಡು ಲೈಟು, ಲ್ಯಾಪ್‌ಟಾಪಿಗೆ ರ್‍ಯಾಮ್ ಹಾಕಿಸ್ಕೊಳ್ಳಿ. ಕ್ಯಾಮೆರಾ ಇಲ್ದಿದ್ರೂ ಪರ್ವಾಗಿಲ್ಲ, ಪಾಲಿಕ್ಯಾಮ್, ಕಿರಿ ಇಂಜಿನ್ ಈ ಆ್ಯಪ್‌ಗಳ ಫೋಟೋ ಮೋಡ್ ಆ್ಯಂಡ್ರಾಯ್ಡಲ್ಲೂ ನಡೆಯುತ್ತೆ, ಫೋಟೋ ಅವರ ಸರ್ವರ್‌ಗೆ ಹೋಗುತ್ತೆ ಅನ್ನೋದು ಗಮನದಲ್ಲಿರ್ಲಿ. ಯಾವ್ದರಲ್ಲೇ ಮಾಡಿ, ತಳ ಮುಚ್ಚೋದು, ತೂತು ತುಂಬೋದು, ಮಾಡೆಲ್ ಮೇಲ್ಮೈ ಕಟ್ಟೋ ಸಣ್ಣ ತ್ರಿಕೋನ ನಲವತ್ತು ಲಕ್ಷ ಇರೋ ಫೈಲನ್ನ ಮೂರು ಲಕ್ಷಕ್ಕೆ ಇಳ್ಸೋದು, ಇದಕ್ಕೆ ಸ್ಕ್ಯಾನಿಗಿಂತ ಮೂರರಷ್ಟು ಹೊತ್ತು ಹೋಗುತ್ತೆ, ಮೆಶ್‌ಲ್ಯಾಬ್ ಅನ್ನೋ ಸಾಫ್ಟ್‌ವೇರ್ ಕಲೀರಿ.

ಇನ್ನೊಂದು ಮರ್ತಿದ್ದೆ. ಫೋಟೋ ಮಾಡೆಲ್‌ಗೆ ತನ್ನ ಸೈಜು ಎಷ್ಟು ಅಂತ ಗೊತ್ತಿರಲ್ಲ, ಬೆಟ್ಟನೂ ಅದೇ ಬಟಾಣಿನೂ ಅದೇ, ಸ್ಕೇಲ್ ನೋಡ್ಕೊಂಡು ನಾವೇ ಹೇಳ್ಬೇಕು. ಕೃಷ್ಣಂಗೆ ಹೇಳಿದ್ದೆ, ಎರಡು ಪ್ರಿಂಟ್ ಸರಿಯಾಗಿ ಬಂತು, ಚಿಕ್ಕಪ್ಪ ಒಂದಕ್ಕೆ ಹಿತ್ತಾಳೆ ಎರಕ ಹಾಕಿಸ್ತೀನಿ ಅಂತ ತಗೊಂಡೋಗಿದಾರೆ. ಚನ್ನೆಮಣೆಗೆ ಹೇಳೋದು ಮರ್ತು ಹಂಗೇ ಪ್ರಿಂಟಿಗೆ ಕೊಟ್ಟೆ, ಅಂಗೈಯಷ್ಟು ಉದ್ದದ್ದು ಬಂತು, ಹದಿನಾಲ್ಕೂ ಗುಳಿ ಸರಿಯಾಗೇ ಇದೆ, ಒಂದೊಂದರಲ್ಲಿ ಎರಡು ಸಾಸಿವೆ ಹಿಡ್ಸುತ್ತೆ. ಈಗ ಅದು ನಮ್ಮನೆ ಕನ್ನಡಿ ಮುಂದಿದೆ, ಹೆಂಡ್ತಿ ಮೂಗುಬಟ್ಟಿನ ತಿರುಪು ಹಾಕಿಡ್ತಾಳೆ.