ಬಾಲ್ಕನಿಯ ಕಂಬಿ ಮೇಲ್ಗಡೆ ಇರಬೇಕು: ಮೋಲ್ಡ್ ದಿನ ನಮ್ಮ ಮನೆಯಲ್ಲಿ ಆದದ್ದು

ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಇನ್ನು ಹತ್ತು ಹದಿನೈದು ದಿನದಲ್ಲಿ ಮೋಲ್ಡ್ (ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಕೆಲಸ) ಇಟ್ಟುಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದವಿದೆ. ನಮ್ಮ ಮನೆಯ ಬಾಲ್ಕನಿಯನ್ನು ಹಾಕಿಸಿದ ನಾಲ್ಕೇ ತಿಂಗಳಿಗೆ ನಾವೇ ನಿಂತು ಕೊಯ್ಯಿಸಿ ತೆಗೆಸಿದೆವು. ಬಿಟ್ಟಿದ್ದರೆ ತಾನಾಗಿ ಬೀಳುತ್ತಿತ್ತು. ಒಂದು ಭಾನುವಾರ ಅಮ್ಮ ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಂದು ಗಂಟೆ ಕೂತಿದ್ದರು. ಅದನ್ನು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ಬೆಂಗಳೂರಿನ ಉಲ್ಲಾಳ ಉಪನಗರದಲ್ಲಿ ನಮ್ಮದು 30-40 ಸೈಟು. ಕೆಳಗೊಂದು, ಮೇಲೊಂದು ಮನೆ. ಸ್ಟ್ರಕ್ಚರಲ್ ಡ್ರಾಯಿಂಗನ್ನು ಬೇರೆಯಾಗಿ ದುಡ್ಡು ಕೊಟ್ಟು ಮಾಡಿಸಿದ್ದೆವು, ಅದರಲ್ಲಿ ಜಿಪುಣತನ ಮಾಡಿರಲಿಲ್ಲ. ಮುಂಭಾಗದ ಬಾಲ್ಕನಿ ಡ್ರಾಯಿಂಗಿನಲ್ಲಿ 3 ಅಡಿ ಇತ್ತು. ಸ್ಲ್ಯಾಬ್ ದಪ್ಪ 5 ಇಂಚು, 8 ಎಂಎಂ ಕಂಬಿ (ಕಾಂಕ್ರೀಟಿನ ಒಳಗೆ ಹಾಕುವ ಕಬ್ಬಿಣದ ಸರಳು) ಆರಾರು ಇಂಚಿಗೆ ಒಂದು. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ 'ಟಾಪ್' ಎಂದು ಬರೆದಿತ್ತು. ಆ ಒಂದು ಪದಕ್ಕೆ ಎಷ್ಟು ಬೆಲೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಸೆಂಟ್ರಿಂಗ್ ಹೊಡೆದು ಹಲಗೆ ಹಾಸಿದ ಮೇಲೆ ಹತ್ತಿ ನೋಡಿದೆವು. 3 ಅಡಿ ತುಂಬಾ ಕಿರಿದು ಅನ್ನಿಸಿತು. ಅಮ್ಮ ಮದ್ದೂರಿನ ಕಡೆಯವರು, ಜಗಲಿ ಇಲ್ಲದ ಮನೆಯಲ್ಲಿ ಅವರಿಗೆ ಉಸಿರು ಕಟ್ಟುತ್ತದೆ. ಕುರ್ಚಿ ಹಾಕಿ, ಕಾಲು ಚಾಚಿ, ಸೊಪ್ಪು ಬಿಡಿಸಿಕೊಂಡು ಕೂರುವಷ್ಟಾದರೂ ಜಾಗ ಬೇಕು ಎಂದು ನಾನೇ ಕೇಳಿದೆ. ಗುತ್ತಿಗೆದಾರ ಒಂದು ಕ್ಷಣವೂ ಯೋಚಿಸಲಿಲ್ಲ. "ನಾಲ್ಕೂವರೆ ಮಾಡ್ಬಿಡೋಣ ಮೇಡಂ. ಎರಡೆರಡು ಕಂಬಿ ಜಾಸ್ತಿ ಹಾಕಿಸ್ತೀನಿ, ಆನೆ ನಿಂತ್ರೂ ಏನೂ ಆಗಲ್ಲ" ಎಂದರು. ಡ್ರಾಯಿಂಗ್ ಮಾಡಿಕೊಟ್ಟ ಎಂಜಿನಿಯರಿಗೆ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಒಂದೂವರೆ ಅಡಿಯ ವಿಷಯ ಎಂದುಕೊಂಡೆ. ಮಂಜೂರಾದ ಪ್ಲಾನಿನಲ್ಲಿ ಇಲ್ಲದ್ದನ್ನು ಹೊರಗೆ ಚಾಚಿದ್ದು ಬೇರೆ ತಪ್ಪು, ಅದೂ ನಮ್ಮದೇ.

ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು ನಾನು. ಆಮೇಲೆ ಲೆಕ್ಕ ಅರ್ಥವಾದಾಗ ತುಂಬಾ ನೊಂದುಕೊಂಡೆ. ಎರಡು ಕಡೆ ಗೋಡೆಯ ಆಧಾರವಿಲ್ಲದೆ ಒಂದೇ ಕಡೆಯಿಂದ ಹೊರಗೆ ಚಾಚಿಕೊಂಡ ಸ್ಲ್ಯಾಬಿಗೆ ಕ್ಯಾಂಟಿಲಿವರ್ ಎನ್ನುತ್ತಾರೆ. ಅದರ ಮೇಲೆ ಸಮನಾಗಿ ಹರಡಿದ ಭಾರ ಬುಡದಲ್ಲಿ ಹುಟ್ಟಿಸುವ ಬಾಗಿಸುವ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉದ್ದ ಒಂದೂವರೆ ಪಟ್ಟಾದರೆ ಬಲ 2.25 ಪಟ್ಟು. ತುದಿಯಲ್ಲಿ ಕೂತ ಪ್ಯಾರಪೆಟ್ ಗೋಡೆಯ ಭಾರ ಸುಮಾರು ಒಂದೂವರೆ ಪಟ್ಟು ಜಗ್ಗುತ್ತದೆ. ಎರಡೂ ಸೇರಿ ನಮ್ಮ ಬಾಲ್ಕನಿಯ ಬುಡಕ್ಕೆ ಬಿದ್ದದ್ದು ಡ್ರಾಯಿಂಗಿನಲ್ಲಿ ಎಣಿಸಿದ್ದರ ಹೆಚ್ಚುಕಡಿಮೆ ಎರಡರಷ್ಟು.

ಅಷ್ಟೇ ಆಗಿದ್ದರೆ ಬಾಲ್ಕನಿ ಸ್ವಲ್ಪ ಬಾಗಿ ನಿಲ್ಲುತ್ತಿತ್ತೇನೋ. ದೊಡ್ಡ ಅನಾಹುತ ಆದದ್ದು ಮೋಲ್ಡ್ ದಿನ.

ಕಬ್ಬಿನ ಜಲ್ಲೆಯನ್ನು ಮಂಡಿಗೆ ಕೊಟ್ಟು ಮುರಿಯುವಾಗ ಸಿಪ್ಪೆ ಮೊದಲು ಕಿತ್ತು ಬರುವುದು ಮಂಡಿಯ ಕಡೆಯಲ್ಲಿ ಅಲ್ಲ, ಅದರ ಎದುರಿನ ಹೊರಮೈಯಲ್ಲಿ. ಬಾಗುವ ಯಾವುದೇ ವಸ್ತುವಿನ ಒಂದು ಮೈ ಒತ್ತಿಕೊಳ್ಳುತ್ತದೆ, ಇನ್ನೊಂದು ಮೈ ಎಳೆದುಕೊಳ್ಳುತ್ತದೆ. ಕಾಂಕ್ರೀಟ್ ಒತ್ತಿದರೆ ಗಟ್ಟಿ, ಎಳೆದರೆ ಬಲು ದುರ್ಬಲ. ಒತ್ತಡ ತಡೆಯುವ ಶಕ್ತಿಯ ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಎಳೆತಕ್ಕೆ ಇರುತ್ತದೆ. ಎಳೆತ ಎಲ್ಲಿದೆಯೋ ಅಲ್ಲಿ ಕಂಬಿ ಇರಬೇಕು, ಆರ್‌ಸಿಸಿಯ (ಕಂಬಿ ಹಾಕಿದ ಕಾಂಕ್ರೀಟಿನ) ಜೀವಾಳವೇ ಅದು. ಕೋಣೆಯ ಮೇಲಿನ ಸ್ಲ್ಯಾಬ್ ನಡುವೆ ಕೆಳಕ್ಕೆ ಜೋಲುವುದರಿಂದ ಎಳೆತ ಅಡಿಯಲ್ಲಿ, ಕಂಬಿಯೂ ಅಡಿಯಲ್ಲಿ. ಬಾಲ್ಕನಿಯ ತುದಿ ಕೆಳಕ್ಕೆ ಬಾಗುತ್ತದೆ, ಎಳೆತ ಮೇಲ್ಮೈಯಲ್ಲಿ. ಹಾಗಾಗಿ ಕಂಬಿ ಮೇಲಿರಬೇಕು. ಸಜ್ಜಾಕ್ಕೂ ಹೀಗೆಯೇ, ಗೋಡೆಯಿಂದ ಚಾಚಿದ ಪೋರ್ಟಿಕೋಗೂ ಹೀಗೆಯೇ.

ನಮ್ಮ ಬಾರ್ ಬೆಂಡರ್ (ಕಂಬಿ ಬಗ್ಗಿಸಿ ಕಟ್ಟುವವ) ಡ್ರಾಯಿಂಗಿನ ಕಂಬಿಯನ್ನು ಮೇಲೇ ಕಟ್ಟಿದ್ದ. ಆದರೆ ಗುತ್ತಿಗೆದಾರ ಹೇಳಿದ ಆ ಹೆಚ್ಚುವರಿ ಕಂಬಿಗಳನ್ನು ಅಡಿಯಲ್ಲಿ ಹಾಸಿದ. ಅವು ಬಾಲ್ಕನಿಗೆ ಏನೂ ಮಾಡುವುದಿಲ್ಲ. ತೂಕಕ್ಕೆ ತಕ್ಕಂತೆ ದುಡ್ಡು ಮಾತ್ರ ಕೊಟ್ಟೆವು. ಮೇಲಿನ ಕಂಬಿಗೆ ಕುರ್ಚಿ ಇರಲಿಲ್ಲ. ಕುರ್ಚಿ ಅಂದರೆ ಕಂಬಿಯನ್ನೇ ಬಗ್ಗಿಸಿ ಮಾಡುವ ಸ್ಟ್ಯಾಂಡು. ಮೇಲಿನ ಜಾಲರಿ ಕೆಳಗೆ ಕುಸಿಯದಂತೆ ಅದು ಹಿಡಿದು ನಿಲ್ಲಿಸುತ್ತದೆ. ನಮ್ಮಲ್ಲಿ ಬೈಂಡಿಂಗ್ ವೈರಿನಿಂದ ಬೀಮಿನ ಕಂಬಿಗೆ ಕಟ್ಟಿ ಬಿಟ್ಟಿದ್ದರು, ಇನ್ನೊಂದು ತುದಿ ಗಾಳಿಯಲ್ಲಿ. ಕಂಬಿ ಹಲಗೆಗೆ ತಾಗದಂತೆ ಅಡಿಗೆ ಇಡುವ ಕವರ್ ಬ್ಲಾಕ್ ಬದಲು ಅಲ್ಲಲ್ಲಿ 20 ಎಂಎಂ ಜಲ್ಲಿಕಲ್ಲು.

ಜುಲೈ ಕೊನೆಯ ಒಂದು ಬೆಳಗ್ಗೆ ಪೂಜೆ ಮಾಡಿ, ಕಾಯಿ ಒಡೆದು, ಮೋಲ್ಡ್ ಶುರುವಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ. ಮಿಕ್ಸರ್, ಕಾಂಕ್ರೀಟನ್ನು ಮೇಲಕ್ಕೆ ಸಾಗಿಸುವ ಲಿಫ್ಟು, ಗದ್ದಲ. ಬಾಣಲಿ ಹೊತ್ತವರು ಓಡಾಡಿದ್ದು ನೇರ ಆ ಕಂಬಿಗಳ ಮೇಲೆ. ಹಲಗೆ ಹಾಕಿ ದಾರಿ ಮಾಡಿರಲಿಲ್ಲ. ಲಿಫ್ಟನ್ನು ಬಾಲ್ಕನಿಯ ಕಡೆಗೇ ನಿಲ್ಲಿಸಿದ್ದರಿಂದ ಎಲ್ಲರ ಕಾಲೂ ಅಲ್ಲೇ. ನಾನು ಕೆಳಗೆ ಕಾಫಿ ತಿಂಡಿ ಹಂಚುತ್ತಿದ್ದೆ. ನಮ್ಮ ಮನೆಯವರು ಸಿಮೆಂಟ್ ಚೀಲ ಎಣಿಸುತ್ತಿದ್ದರು. ಚೀಲ ಒಂದೂ ಕಳುವಾಗಲಿಲ್ಲ. ಮೇಲೆ ಕಂಬಿ ಕೆಳಗೆ ಹೋಗುತ್ತಿದ್ದುದನ್ನು ಯಾರೂ ನೋಡಲಿಲ್ಲ.

ನೀರಿನ ವಿಷಯ. ಎಂ20 ದರ್ಜೆಯ ಕಾಂಕ್ರೀಟಿಗೆ ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಹೇಳುವ ಗರಿಷ್ಠ ನೀರು-ಸಿಮೆಂಟ್ ಅನುಪಾತ 0.55. ಎಂದರೆ 50 ಕೆಜಿಯ ಒಂದು ಚೀಲಕ್ಕೆ 27.5 ಲೀಟರ್, ಮರಳಿನಲ್ಲಿರುವ ತೇವವೂ ಅದರಲ್ಲೇ ಸೇರಬೇಕು. ನಮ್ಮಲ್ಲಿ ಪೈಪು ಬಿಟ್ಟು, ಕಣ್ಣಳತೆಯಲ್ಲಿ, ಸರಾಗವಾಗಿ ಹರಿಯುವವರೆಗೂ ನೀರು. ಒಂಬತ್ತನೆಯ ದಿನ ಬಾಲ್ಕನಿಯ ಅಡಿಯ ಪ್ರಾಪುಗಳೆಲ್ಲ (ಆಸರೆಗೆ ಕೊಡುವ ಕಂಬಗಳು) ಹೋಗಿದ್ದವು, ಇನ್ನೊಂದು ಸೈಟಿಗೆ ಬೇಕಿತ್ತಂತೆ. ಕ್ಯಾಂಟಿಲಿವರಿನ ಪ್ರಾಪನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು, ಅದೂ ತುದಿಯಿಂದ ಗೋಡೆಯ ಕಡೆಗೆ ಬರುತ್ತಾ.

ಸೆಪ್ಟೆಂಬರಿನಲ್ಲಿ ಸಾಲಿಡ್ ಬ್ಲಾಕಿನ ಪ್ಯಾರಪೆಟ್ ಎದ್ದಿತು. ಮೂರು ಅಡಿ ಎತ್ತರ. ಅಮ್ಮ ಬಂದು ಕುರ್ಚಿ ಹಾಕಿ ಕೂತದ್ದು ಆಗಲೇ. ಅದರ ಮುಂದಿನ ವಾರ ಬಾಲ್ಕನಿ ಮತ್ತು ಹಾಲ್ ಕೂಡುವಲ್ಲಿ, ಗೋಡೆಯ ಗುಂಟ, ದಾರ ಹಿಡಿದು ಗೆರೆ ಎಳೆದ ಹಾಗೆ ಒಂದು ಬಿರುಕು ಕಂಡಿತು. ಗುತ್ತಿಗೆದಾರ ಬಂದು ನೋಡಿ "ಹೇರ್‌ಲೈನ್ ಮೇಡಂ, ಟೈಲ್ಸ್ ಹಾಕಿದ್ರೆ ಮುಚ್ಚೋಗುತ್ತೆ" ಎಂದು ಸಿಮೆಂಟ್ ಹಾಲು ಹುಯ್ದು ಹೋದರು. ಅದು ಮತ್ತೆ ಬಿಟ್ಟಿತು.

ಬಿರುಕಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ಬೇಗ ಒಣಗಿದ ಸ್ಲ್ಯಾಬಿನ ಮೇಲೆ ಒಣಗಿದ ಕೆರೆಯಂಗಳದ ಹಾಗೆ ಅಡ್ಡಾದಿಡ್ಡಿ ಸಣ್ಣ ಬಿರುಕುಗಳು ಬರುತ್ತವೆ. ಅವೂ ಒಳ್ಳೆಯವಲ್ಲ, ಆದರೆ ಸಾಮಾನ್ಯವಾಗಿ ಸ್ಲ್ಯಾಬನ್ನು ಬೀಳಿಸುವುದಿಲ್ಲ. ಬಾಲ್ಕನಿಯ ಬುಡದಲ್ಲಿ, ಮೇಲ್ಮೈಯಲ್ಲಿ, ಗೋಡೆಗೆ ಸಮಾನಾಂತರವಾಗಿ ಒಂದೇ ನೇರ ಬಿರುಕು ಬಂದರೆ ಅದು ಬೇರೆಯೇ ಜಾತಿ. ಆ ದಿನವೇ ಅಡಿಗೆ ಪ್ರಾಪ್ ಕೊಡಿಸಿ, ಮೇಲೆ ಯಾರನ್ನೂ ಬಿಡಬೇಡಿ, ಅಡಿಯಲ್ಲಿ ವಾಹನ ನಿಲ್ಲಿಸಬೇಡಿ. ಆಮೇಲೆ ಉಳಿದ ಮಾತು.

ನಾವು ಹಾಗೆ ಮಾಡಲಿಲ್ಲ. 2024ರ ಅಕ್ಟೋಬರಿನ ಆ ಜಡಿಮಳೆ ನಿಮಗೆಲ್ಲ ನೆನಪಿರಬೇಕು. 22ರಂದು ಹೆಣ್ಣೂರು ಬಳಿಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು ಕೂಲಿ ಮಾಡುವವರು ಸತ್ತರು. ಟಿವಿಯಲ್ಲಿ ಅದನ್ನು ನೋಡುತ್ತಾ ಅಮ್ಮ ಕೇಳಿದರು: "ನಮ್ಮ ಆ ಬಿರುಕನ್ನ ಬೇರೆ ಯಾರಿಗಾದ್ರೂ ತೋರ್ಸಿದ್ಯೇನವ್ವಾ?" ಮಾರನೆಯ ಬೆಳಗ್ಗೆ ಸ್ಕೂಲಿಗೆ ರಜೆ ಹಾಕಿ ಹೋದೆ. ಬಾಲ್ಕನಿಯ ಅಡಿಯಲ್ಲಿ, ಬಿರುಕಿನ ನೇರಕ್ಕೆ, ಒದ್ದೆಯ ಗೆರೆ ಮೂಡಿತ್ತು. ನೀರು ಆರ್‌ಪಾರ್ ಇಳಿದಿತ್ತು.

ಆವತ್ತೇ ಡ್ರಾಯಿಂಗಿನ ಎಂಜಿನಿಯರನ್ನು ಕರೆದೆವು. ಅವರು ಬೈಯಲಿಲ್ಲ. ಮೊದಲು ಆರು ಜಾಕಿ ತರಿಸಿ ತುದಿಗೆ ಕೊಡಿಸಿದರು. ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡಿದರೆ ತುದಿ 14 ಎಂಎಂ ಇಳಿದಿತ್ತು. ಬುಡದಲ್ಲಿ ಮೂರು ಕಡೆ ಉಳಿಯಿಂದ ಹುಷಾರಾಗಿ ಬಿಡಿಸಿ ನೋಡಿದರು. ಮೇಲಿನಿಂದ 25 ಎಂಎಂ ಆಳದಲ್ಲಿ ಸಿಗಬೇಕಿದ್ದ ಕಂಬಿ ಸಿಕ್ಕಿದ್ದು 65 ಎಂಎಂ ಆಳದಲ್ಲಿ. 125 ಎಂಎಂ ದಪ್ಪದ ಸ್ಲ್ಯಾಬಿನ ನಟ್ಟನಡುವೆ.

ಅವರು ಅಲ್ಲೇ ಸಿಮೆಂಟ್ ಚೀಲದ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಒತ್ತಿಕೊಳ್ಳುವ ಅಡಿಯ ಮೈಯಿಂದ ಕಂಬಿಗೆ ಇರುವ ದೂರವೇ ಸ್ಲ್ಯಾಬಿನ ನಿಜವಾದ ಆಳ. ನಮ್ಮದು 100 ಎಂಎಂ ಇರಬೇಕಿತ್ತು, 60ಕ್ಕೆ ಇಳಿದಿತ್ತು. ಕಂಬಿ ಅಷ್ಟೇ, ಸಿಮೆಂಟ್ ಅಷ್ಟೇ, ಆದರೆ ಬಲ ತಾಳುವ ಶಕ್ತಿ ಹತ್ತಿರಹತ್ತಿರ ಅರ್ಧವಾಗಿತ್ತು. ಭಾರದ ಎಳೆತ ಎರಡು ಪಟ್ಟು, ತಾಳುವ ಶಕ್ತಿ ಅರ್ಧ. ಬರೀ ತನ್ನ ತೂಕ ಮತ್ತು ಪ್ಯಾರಪೆಟ್ಟನ್ನು ಹೊತ್ತು ನಿಲ್ಲುವುದಕ್ಕೇ ಅದು ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತಿತ್ತು. ಹಬ್ಬಕ್ಕೆ ಬಂದ ಹತ್ತು ಜನ ಮೆರವಣಿಗೆ ನೋಡಲು ಬಗ್ಗಿ ನಿಂತಿದ್ದರೆ ಎಂದು ಅವರು ಮಾತು ನಿಲ್ಲಿಸಿದರು.

ಸ್ಲ್ಯಾಬ್ ದಪ್ಪಕ್ಕೂ ಅಳತೆ ಇದೆ ಎಂದು ಆವತ್ತೇ ತಿಳಿದದ್ದು. ಐಎಸ್ 456ರ ಪ್ರಕಾರ ಉದ್ದಕ್ಕೂ ಈ ಆಳಕ್ಕೂ ಇರಬಹುದಾದ ಮೂಲ ಅನುಪಾತ ಎರಡು ಕಡೆ ಆಧಾರವಿದ್ದರೆ 20, ಒಂದಕ್ಕಿಂತ ಹೆಚ್ಚು ಕೋಣೆಗಳ ಮೇಲೆ ಮುಂದುವರಿದ ಸ್ಲ್ಯಾಬಿಗೆ 26, ಕ್ಯಾಂಟಿಲಿವರಿಗೆ ಬರೀ 7. ಕಂಬಿಯ ಪ್ರಮಾಣ ನೋಡಿ ಇದನ್ನು ಸ್ವಲ್ಪ ಹೆಚ್ಚಿಸಬಹುದು. ಆದರೂ 20 ಮತ್ತು 7ರ ನಡುವಿನ ಅಂತರ ನೋಡಿ. ಒಳಗಿನ ಕೋಣೆಗೆ ಸಾಲುವ 5 ಇಂಚನ್ನೇ ನಾಲ್ಕೂವರೆ ಅಡಿಯ ಬಾಲ್ಕನಿಗೆ ಎಳೆದುಕೊಂಡು ಹೋದರೆ ಸಾಲದು ಎಂದು ಐದನೇ ಕ್ಲಾಸಿನ ಭಾಗಾಕಾರದಲ್ಲೇ ಗೊತ್ತಾಗುತ್ತದೆ.

ರಿಪೇರಿಗೆ ದಾರಿ ಇತ್ತೇ? ತುದಿಗೆ ಕಂಬ ನಿಲ್ಲಿಸಿದರೆ ಬಾಗುವ ರೀತಿಯೇ ಬದಲಾಗುತ್ತದೆ, ಆಗ ಅಡಿಯ ಕಂಬಿ ಕೆಲಸಕ್ಕೆ ಬರುತ್ತದೆ ಎಂದರು. ಆದರೆ ಆ ಕಂಬಕ್ಕೆ ತನ್ನದೇ ಪಾಯ ಬೇಕು, ನಮ್ಮ ಗೇಟಿನ ಮುಂದೆ ಜಾಗವಿಲ್ಲ. ಅಡಿಯಿಂದ ಕಬ್ಬಿಣದ ಬ್ರಾಕೆಟ್ ಕೊಡುವ ಮಾತೂ ಬಂತು. ನೀರು ಕುಡಿದ, ಸತ್ವವಿಲ್ಲದ ಆ ಕಾಂಕ್ರೀಟನ್ನು ನಂಬಲು ಮನಸ್ಸು ಬರಲಿಲ್ಲ. ಬ್ರೇಕರಿನಿಂದ ಒಡೆದರೆ ಹಿಂದಿನ ಬೀಮು ಅದುರುತ್ತದೆಂದು ಡೈಮಂಡ್ ಕಟರಿನಲ್ಲಿ ತುದಿಯಿಂದ ಪಟ್ಟಿ ಪಟ್ಟಿಯಾಗಿ ಕೊಯ್ಯಿಸಿ ಇಳಿಸಿದೆವು. ಗೋಡೆಯಿಂದ ಒಂದಡಿ ಮಾತ್ರ ಸಜ್ಜಾದಂತೆ ಉಳಿದಿದೆ. ಜಾಕಿ, ಕೊಯ್ತ, ಮಣ್ಣು ಸಾಗಣೆ, ಮತ್ತೆ ಗಾರೆ ಎಲ್ಲ ಸೇರಿ ₹1,40,000 ದಾಟಿತು. ಗುತ್ತಿಗೆದಾರ ಒಂದು ಪೈಸೆ ಕೊಡಲಿಲ್ಲ. "ನೀವೇ ಕೇಳಿದ್ದಲ್ವಾ ನಾಲ್ಕೂವರೆ ಅಡಿ" ಎಂದರು. ಬರಹದಲ್ಲಿ ನಮ್ಮ ಬಳಿ ಏನೂ ಇರಲಿಲ್ಲ.

ಒಳಗಿನ ಸ್ಲ್ಯಾಬುಗಳನ್ನೂ ಪರೀಕ್ಷೆ ಮಾಡಿಸಿದೆವು. ಅವು ಪರವಾಗಿಲ್ಲ. ಒಳಗಡೆ ಕಂಬಿ ತುಳಿದರೂ ಹೋಗುವುದು ಕೆಳಕ್ಕೇ, ಅದು ಇರಬೇಕಾದ ಕಡೆಗೇ. ಬಾಲ್ಕನಿಯಲ್ಲಿ ಮಾತ್ರ ತುಳಿದ ಪ್ರತಿ ಹೆಜ್ಜೆಯೂ ಕಂಬಿಯನ್ನು ಇರಬಾರದ ಕಡೆಗೆ ತಳ್ಳುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಆವತ್ತು ಕಾಫಿ ಹಂಚಲು ಬೇರೆಯವರನ್ನು ಕಳಿಸಿ ಮೇಲೆ ನಿಲ್ಲುತ್ತಿದ್ದೆ.

ಹಾಗಾಗಿ ನಿಮ್ಮ ಮನೆಯ ಮೋಲ್ಡಿನ ಹಿಂದಿನ ದಿನ ಟೇಪ್ ಹಿಡಿದು ಹತ್ತಿ. ಹಲಗೆಯಿಂದ ಬಾಲ್ಕನಿಯ ಮೇಲಿನ ಕಂಬಿಗೆ ಎಷ್ಟಿದೆ ಅಳೆಯಿರಿ, ಟೇಪ್ ಕಾಣುವಂತೆ ಫೋಟೋ ತೆಗೆಯಿರಿ. ಕಂಬಿಯ ಮೇಲೆ ಕಾಲಿಟ್ಟು ನೋಡಿ, ಕುಸಿದರೆ ಕುರ್ಚಿ ಸಾಲದು, ಮೀಟರಿಗೊಂದರಂತಾದರೂ ಹಾಕಿಸಿ. ಬಾಲ್ಕನಿಯ ಕಂಬಿ ಬೀಮಿನಲ್ಲೇ ನಿಂತಿದೆಯೋ, ಒಳಗಿನ ಸ್ಲ್ಯಾಬಿನವರೆಗೂ ಹೋಗಿದೆಯೋ ನೋಡಿ. ಹೊರಗೆ ಚಾಚಿದ್ದರ ಒಂದೂವರೆ ಪಟ್ಟಾದರೂ ಒಳಗೆ ಹೋಗಬೇಕೆಂದು ನಮ್ಮ ಎಂಜಿನಿಯರ್ ಹೇಳಿದರು. ಓಡಾಡಲು ಹಲಗೆ ಹಾಕಿಸಿ, ಲಿಫ್ಟನ್ನು ಬೇರೆ ಕಡೆ ನಿಲ್ಲಿಸಲು ಹೇಳಿ. ಕಾಂಕ್ರೀಟ್ ಬಾಲ್ಕನಿಗೆ ಬರುವ ಆ ಅರ್ಧ ಗಂಟೆ ಮನೆಯವರಲ್ಲಿ ಒಬ್ಬರು ಅಲ್ಲೇ ನಿಂತಿರಲಿ. ಡ್ರಾಯಿಂಗಿನಲ್ಲಿ ಒಂದು ಇಂಚು ಬದಲಾದರೂ ಎಂಜಿನಿಯರಿಂದ ಬರಹದಲ್ಲಿ ತರಿಸಿಕೊಳ್ಳಿ.

ಕೊಯ್ದ ಪಟ್ಟಿಗಳಲ್ಲಿ ಒಂದನ್ನು ಎಸೆಯದೆ ಗೇಟಿನ ಪಕ್ಕ ನಿಲ್ಲಿಸಿದ್ದೇನೆ. ಕೊಯ್ದ ಮುಖದಲ್ಲಿ ಕಂಬಿಯ ತುದಿಗಳು ಸಾಲಾಗಿ ನಡುವೆ ಹೊಳೆಯುವುದು ಕಾಣುತ್ತದೆ, ಅವುಗಳ ಮೇಲೆ ಬರೀ ಕಾಂಕ್ರೀಟು. ಉಲ್ಲಾಳ, ಕೆಂಗೇರಿ, ನಾಗರಭಾವಿ ಕಡೆ ಮನೆ ಕಟ್ಟಿಸುತ್ತಿರುವವರು ನಿಮ್ಮ ಮೇಸ್ತ್ರಿಯನ್ನೂ ಬಾರ್ ಬೆಂಡರನ್ನೂ ಕರೆದುಕೊಂಡು ಬನ್ನಿ. ಸಂಜೆ ಐದರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ, ಟೇಪು ಕೊಡುತ್ತೇನೆ, ನೀವೇ ಅಳೆದು ನೋಡಿ.