ಜಿಮ್ಯಾಟ್ ಸ್ಕೋರ್ ಕಡಿಮೆ ಬಂತಾ? ಮತ್ತೆ ಬರೆಯೋದಾ, ಸ್ಕೋರ್ ಕೇಳದ ಕಡೆ ಅರ್ಜಿ ಹಾಕೋದಾ?

ವಿದೇಶದಲ್ಲಿ ಅಕೌಂಟಿಂಗ್ ಮಾಸ್ಟರ್ಸ್ ಮಾಡುವ ಆಸೆ, ಬಿಸಿನೆಸ್ ಕೋರ್ಸ್‌ಗಳ ಪ್ರವೇಶ ಪರೀಕ್ಷೆ ಜಿಮ್ಯಾಟ್ ಮಾತ್ರ ಕೈಕೊಟ್ಟಿದೆ. ಮುಂದೇನು?

ಮತ್ತೆ ಬರೆಯುವುದಾದರೆ 16 ದಿನ ಕಾಯಬೇಕು. 12 ತಿಂಗಳಲ್ಲಿ 5 ಸಲ ಬರೆಯಬಹುದು. ಸ್ಕೋರ್ ನೋಡಿದ ಮೇಲೆ ಯಾವುದನ್ನು ಕಳಿಸಬೇಕು ಅನ್ನುವುದು ನಿಮಗೇ ಬಿಟ್ಟಿದ್ದು. ಸ್ಕಾಲರ್‌ಶಿಪ್ ಬೇಕೇ ಬೇಕು ಅನ್ನುವವರಿಗೆ ಈ ದಾರಿ ಒಳ್ಳೆಯದು. ತಯಾರಿ ಬದಲಾಗದೆ ಸುಮ್ನೆ ಮತ್ತೆ ಕೂತರೆ ಫೀಸು ದಂಡ.

ಇನ್ನೊಂದು ದಾರಿಯನ್ನು ಜನ ಹಗುರವಾಗಿ ನೋಡುತ್ತಾರೆ, ಅದು ತಪ್ಪು. ಬ್ರಿಟನ್ನಿನ ಬಹಳಷ್ಟು ಎಂಎಸ್ಸಿ ಅಕೌಂಟಿಂಗ್ ಕೋರ್ಸ್‌ಗಳು ಜಿಮ್ಯಾಟ್ ಕೇಳುವುದೇ ಇಲ್ಲ, ಪದವಿಯ ಅಂಕ ನೋಡುತ್ತವೆ. ಅಮೆರಿಕದ ಹಲವು ಯೂನಿವರ್ಸಿಟಿಗಳು ವೇವರ್, ಅಂದರೆ ಜಿಮ್ಯಾಟ್‌ನಿಂದ ವಿನಾಯಿತಿ, ಕೊಡುತ್ತವೆ. ವೇವರ್ ಪತ್ರದಲ್ಲಿ 'ನಾನು ಶ್ರಮಜೀವಿ' ಅಂತ ಬರೆದರೆ ಏನೂ ಉಪಯೋಗವಿಲ್ಲ. ಸ್ಟ್ಯಾಟಿಸ್ಟಿಕ್ಸ್, ಕಾಸ್ಟ್ ಅಕೌಂಟಿಂಗ್ ಅಂಕಗಳನ್ನು ಮುಂದಿಡಿ. ಆಡಿಟ್‌ನಲ್ಲಿ ಕೆಲಸ ಮಾಡಿದ್ದರೆ, ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡಿದಿರಾ, ಸ್ಟಾಕ್ ಎಣಿಸಿದಿರಾ, ಅದನ್ನೇ ಬಿಡಿಸಿ ಬರೆಯಿರಿ. ಓದುವವರೂ ಅಕೌಂಟಿಂಗ್ ಗೊತ್ತಿರುವವರೇ ಅಲ್ವಾ? ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್ ಅಥವಾ ಟೋಫೆಲ್ ವಿಷಯ ಬೇರೆ. ಜಿಮ್ಯಾಟ್‌ಗೆ ವೇವರ್ ಸಿಕ್ಕಿತು ಅಂತ ಅದೂ ತಪ್ಪುವುದಿಲ್ಲ.

ಪದವಿಯ ಅಂಕ ಚೆನ್ನಾಗಿದ್ದರೆ ನನ್ನ ಓಟು ವೇವರ್‌ಗೆ. ಅಂಕವೂ ಕಡಿಮೆ, ಸ್ಕೋರೂ ಕಡಿಮೆ ಅಂದರೆ ಮತ್ತೆ ಬರೆಯಿರಿ.