ಬೆಳ್ಳಿ ಫ್ಲೂಟ್ ಅಂತ ನಂಬಿ ದುಡ್ಡು ಸುರಿಯಬೇಡಿ

ಬೆಳ್ಳಿ, ಚಿನ್ನದ ಫ್ಲೂಟ್ ಕೊಳ್ಳುವ ಯೋಚನೆ ಇರುವವರು ದಯವಿಟ್ಟು ಇದನ್ನು ಓದಿ. ನಾನು ಮೋಸ ಹೋದೆ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ನನ್ನ ಹಳೇ ಫ್ಲೂಟ್ ಚೆನ್ನಾಗೇ ಇತ್ತು. ಮಾರುವವರು ತಲೆ ಕೆಡಿಸಿದರು. "ಸರ್, ಮೈಯೆಲ್ಲಾ ಬೆಳ್ಳಿ ಇದ್ದರೆ ನಾದವೇ ಬೇರೆ. ಮುಂದೆ ಚಿನ್ನಕ್ಕೆ ಹೋದರೆ ಇನ್ನೂ ತುಂಬು ದನಿ." ಹಳೆಯದನ್ನು ಅವರಿಗೇ ಕೊಟ್ಟೆ. ವರ್ಷಗಟ್ಟಲೆ ಕೂಡಿಟ್ಟ ಹಣ ಸೇರಿಸಿ ಹೊಸದು ತಂದೆ.

ಕೆಲವೇ ತಿಂಗಳಲ್ಲಿ ಮಂದ್ರದ ಸ್ವರಗಳಲ್ಲಿ ಬರೀ ಗಾಳಿ. ರಿಪೇರಿಯವರು ಒಳಗೆ ಸಣ್ಣ ದೀಪ ಬಿಟ್ಟು ನೋಡಿದರು. ಕೀಗಳ ಕೆಳಗೆ ರಂಧ್ರ ಮುಚ್ಚುವ ಮೂರು ಪ್ಯಾಡ್ ಸರಿಯಾಗಿ ಕೂರುತ್ತಿರಲಿಲ್ಲ, ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಆಮೇಲೆ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಸಲಿ ಬೆಳ್ಳಿ ಅಂತ ಹೇಳುವ 925 ಮುದ್ರೆ ಇರುವುದು ಊದುವ ತುದಿಯ ಭಾಗವಾದ ಹೆಡ್‌ಜಾಯಿಂಟ್ ಮೇಲೆ ಮಾತ್ರ. ಉಳಿದದ್ದು ನಿಕ್ಕಲ್ ಸಿಲ್ವರ್, ಮೇಲೆ ಬೆಳ್ಳಿ ಲೇಪ."

ನಿಕ್ಕಲ್ ಸಿಲ್ವರ್ ಅಂದರೆ ನಾವು ಜರ್ಮನ್ ಸಿಲ್ವರ್ ಅಂತೀವಲ್ಲ, ಅದೇ. ತಾಮ್ರ, ನಿಕ್ಕಲ್, ಸತು. ಬೆಳ್ಳಿ ಒಂದು ಚೂರೂ ಇಲ್ಲ! ಆ ಮುದ್ರೆಯನ್ನು ಕೊಳ್ಳುವಾಗಲೇ ನೋಡಿದ್ದೆ. ಇಡೀ ಫ್ಲೂಟಿಗೆ ಸೇರಿದ್ದು ಅಂದುಕೊಂಡಿದ್ದೆ. ಕೈಕಾಲು ತಣ್ಣಗಾದವು.

ಮಾರಿದವರಿಗೆ ಫೋನ್ ಮಾಡಿದೆ. "ಬಿಲ್ಲಿನಲ್ಲಿ ಬೆಳ್ಳಿ ಫ್ಲೂಟ್ ಅಂತ ಇದೆ ಸರ್, ಪೂರ್ತಿ ಬೆಳ್ಳಿ ಅಂತ ಇಲ್ಲ." ಮೈಯೆಲ್ಲಾ ಬೆಳ್ಳಿ ಅಂದಿರಲ್ಲ ಅಂದೆ. "ನಾದ ಹುಟ್ಟುವುದು ಹೆಡ್‌ಜಾಯಿಂಟಿನಲ್ಲಿ ಸರ್, ಮೈ ಯಾವುದಾದರೇನು?" ಮಾರುವಾಗ ಮೈಯೇ ಮುಖ್ಯ ಅಂದವರು ಇವರೇ! ಪ್ಯಾಡ್ ವಿಷಯ ಎತ್ತಿದರೆ, "ನೀವು ಒತ್ತುವುದು ಜಾಸ್ತಿ."

ಅಸಲಿಗೆ ಪೂರ್ತಿ ಬೆಳ್ಳಿ ಇದ್ದಿದ್ದರೂ ಏನಾಗುತ್ತಿತ್ತು? ಜಾನ್ ಕೋಲ್ಟ್‌ಮನ್ ಎಂಬ ಭೌತವಿಜ್ಞಾನಿ 1971ರಲ್ಲೇ ಬೆಳ್ಳಿ, ತಾಮ್ರ, ಮರದ ಕೊಳವೆಗಳಿಗೆ ಒಂದೇ ಥರದ ಹೆಡ್ ಹಾಕಿ ಪರೀಕ್ಷೆ ಮಾಡಿದ್ದರು. ಕೇಳಿದವರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ನೋಡದೆ ನುಡಿಸಿದವರಿಗೂ ಗೊತ್ತಾಗಲಿಲ್ಲ. ದನಿ ಕೊಡುವುದು ಒಳಗೆ ಕಂಪಿಸುವ ಗಾಳಿ. ಊದುವ ರಂಧ್ರವನ್ನು ಹೇಗೆ ಕೊರೆದಿದ್ದಾರೆ, ಪ್ಯಾಡ್ ಎಷ್ಟು ಬಿಗಿಯಾಗಿ ಮುಚ್ಚುತ್ತದೆ, ಅದನ್ನು ನೋಡಬೇಕಿತ್ತು. ನಾನು ಹೊಳಪು ನೋಡಿದೆ.

ಕೊಳ್ಳಲೇಬೇಕಾ? ಹೆಡ್, ಮೈ, ಕೆಳತುದಿ, ಕೀಗಳು, ಒಂದೊಂದೂ ಯಾವ ಲೋಹ ಅಂತ ಬಿಲ್ಲಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಹಣ ಕೊಡುವ ಮುಂಚೆ ಬೇರೆ ರಿಪೇರಿಯವರಿಗೆ ತೋರಿಸಿ. ಹಳೆಯದನ್ನು ಮಾತ್ರ ಯಾವ ಕಾರಣಕ್ಕೂ ಬದಲಿಗೆ ಕೊಡಬೇಡಿ.

ನನ್ನ ಹಳೇ ಫ್ಲೂಟನ್ನಾದರೂ ವಾಪಸ್ ಕೊಡಿ ಅಂತ ಕೇಳಿದೆ. "ಅದು ಆಗಲೇ ಮಾರಿಹೋಯ್ತು ಸರ್" ಅಂದರು.